ಹಳೆ ಡೋಜರ್ ಸ್ಟಾರ್ಟ್ ಆಗುತ್ತಿಲ್ಲ, ಡೀಸೆಲ್ ಪಂಪ್ ಬಿಚ್ಚಲೇಬೇಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಹಳೆ ಡೋಜರ್ ಮಳೆಗಾಲ ಪೂರ್ತಿ ನಿಂತಿತ್ತು. ಕೊಯ್ಲು ಶುರುವಾಗುವ ಮೊದಲು ತೋಟದ ರಸ್ತೆ ಸರಿ ಮಾಡಬೇಕು. ಈಗ ಸೆಲ್ಫ್ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುತ್ತಿಲ್ಲ. ಬ್ಯಾಟರಿ ಹೊಸದು. ಪಂಪ್ ಬಿಚ್ಚಿ ಕಳಿಸೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಕಳಿಸಬೇಕಾ?

ಉತ್ತರ: ಈಗಲೇ ಬೇಡ. ತಿಂಗಳುಗಟ್ಟಲೆ ನಿಂತ ಡೋಜರ್‌ನಲ್ಲಿ ಮೊದಲು ಅನುಮಾನಿಸಬೇಕಾದ್ದು ಡೀಸೆಲ್ ಲೈನ್‌ನ ಗಾಳಿ, ಟ್ಯಾಂಕಿನ ನೀರು ಮತ್ತು ತುಕ್ಕು ಹಿಡಿದ ಕೇಬಲ್. ಪಂಪ್ ಬಿಚ್ಚುವುದು ಕೊನೆಯ ಕೆಲಸ. ಅದಕ್ಕೆ ದುಡ್ಡೂ ಜಾಸ್ತಿ, ದಿನವೂ ಜಾಸ್ತಿ.

ಕೈ ಹಾಕುವ ಮೊದಲು ಬ್ಲೇಡ್ ನೆಲಕ್ಕೆ ಇಳಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ಲಾಕ್ ಹಾಕಿರಲಿ. ಸೆಲ್ಫ್ ಒಂದು ಸಲಕ್ಕೆ 15-20 ಸೆಕೆಂಡ್ ಸಾಕು. ಆಮೇಲೆ 2 ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರೇ ಸುಟ್ಟು ಹೋಗುತ್ತದೆ.

ಈಗ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಸೈಲೆನ್ಸರ್ ಬಾಯಿ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರ್‌ಗೆ ಮುಟ್ಟುತ್ತಿಲ್ಲ. ಮುಂದೆ ಯಾವ ಕಡೆ ಹುಡುಕಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ.

ಹೊಗೆ ಇಲ್ಲ ಅಂದುಕೊಳ್ಳೋಣ. ಮೊದಲು ಇಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ನೋಡಿ. ಮಲೆನಾಡಿನ ಮಳೆಗೆ ಈ ಕೇಬಲ್ ಒಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಕ್ಯಾಬಿನ್‌ನಲ್ಲಿ ಹಿಡಿ ಒಳಗೆ ತಳ್ಳಿದರೂ ಪಂಪಿನ ಮೇಲಿನ ಲಿವರ್ ಸ್ಟಾಪ್‌ನಲ್ಲೇ ನಿಂತಿರಬಹುದು. ಪಂಪಿನ ಹತ್ತಿರ ಹೋಗಿ ಲಿವರನ್ನು ಕೈಯಲ್ಲೇ ಆಡಿಸಿ ನೋಡಿ.

ಅದು ಸರಿ ಇದ್ದರೆ ಟ್ಯಾಂಕಿಗೆ ಬನ್ನಿ. ಅರ್ಧ ಖಾಲಿ ಇರುವ ಟ್ಯಾಂಕಿನ ಒಳಗೋಡೆಯಲ್ಲಿ ಗಾಳಿಯ ತೇವ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲ್‌ಗಿಂತ ನೀರು ಭಾರ, ಹಾಗಾಗಿ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಕೆಳಗಿನ ಡ್ರೈನ್ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿಯಿರಿ. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ಕಾಣುತ್ತದೆ. ಬರೀ ಡೀಸೆಲ್ ಬರುವ ತನಕ ಬಿಡಿ, ಫಿಲ್ಟರ್ ಬದಲಿಸಿ. ಮುಂದಿನ ಜೂನ್‌ಗೆ ಮೊದಲು ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.

ಇನ್ನು ಗಾಳಿ. ಹೆಚ್ಚು ಜನ ಸೋಲುವುದು ಇಲ್ಲೇ. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ನಾಝಲ್ ತೆರೆಯಬೇಕಾದರೆ ನೂರು ಬಾರ್‌ಗೂ ಮೀರಿದ ಒತ್ತಡ ಬೇಕು. ಪೈಪಿನಲ್ಲಿ ಗಾಳಿ ಇದ್ದರೆ ಪಂಪ್ ಎಷ್ಟು ಒತ್ತಿದರೂ ಗಾಳಿ ಕುಗ್ಗಿ ಹಿಗ್ಗುತ್ತದೆ ಅಷ್ಟೆ, ನಾಝಲ್ ತೆರೆಯುವುದಿಲ್ಲ. ಪಂಪ್ ಹಾಳಾದಂತೆಯೇ ಕಾಣುತ್ತದೆ, ಆದರೆ ಹಾಳಾಗಿರುವುದಿಲ್ಲ.

ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಫೀಡ್ ಪಂಪ್ ಮೇಲಿನ ಹ್ಯಾಂಡ್ ಪಂಪ್ ಒತ್ತುತ್ತಾ ಮೊದಲು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ. ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬಂದ ಮೇಲೆ ಬಿಗಿ ಮಾಡಿ. ಆಮೇಲೆ ಮೇನ್ ಪಂಪಿನ ಏರ್ ಸ್ಕ್ರೂ. ಕೊನೆಗೆ ನಾಝಲ್ ಪೈಪಿನ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಿರಿ. ಡೀಸೆಲ್ ಚಿಮ್ಮಿದರೆ ಬಿಗಿ ಮಾಡಿ. ಈ ಹೊತ್ತಿನಲ್ಲಿ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿಯಲೇಬೇಡಿ. ಈ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸಣ್ಣ ಚುಚ್ಚಿನಂತೆ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗಾಳಿ ತೆಗೆದ ಮೇಲೂ ಮತ್ತೆ ಮತ್ತೆ ಬರುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪ್ ಪರೀಕ್ಷಿಸಿ. ಈ ಭಾಗದಲ್ಲಿ ಡೀಸೆಲನ್ನು ಎಳೆದುಕೊಳ್ಳಲಾಗುತ್ತದೆ. ಆದ್ದರಿಂದ ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ, ಬಿರುಕಿದ್ದ ಕಡೆ ಗಾಳಿ ಒಳಗೆ ಬರುತ್ತದೆ, ಹೊರಗೆ ಒಂದು ತೊಟ್ಟೂ ಸೋರದೇ ಇರಬಹುದು. ನೆಲ ಒಣಗಿದೆ, ಲೀಕ್ ಇಲ್ಲ ಅಂತ ನಂಬಬೇಡಿ. ಹಳೆ ರಬ್ಬರ್ ಪೈಪ್, ವಾಷರ್ ಬದಲಿಸಿಬಿಡಿ.

ಬಿಳಿ ಹೊಗೆ ಬರುತ್ತಿದ್ದರೆ? ಆಗ ಸೆಲ್ಫ್ ತಿರುಗುವ ವೇಗ ಗಮನಿಸಿ. ಡೀಸೆಲ್ ಇಂಜಿನ್‌ಗೆ ಕಿಡಿ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿ ಬರುವ ಬಿಸಿಯಿಂದಲೇ ಅದು ಹತ್ತಿಕೊಳ್ಳಬೇಕು. ನಿಧಾನ ತಿರುಗಿದರೆ ಆ ಬಿಸಿ ಬರುವುದಿಲ್ಲ. ಕೆಜಿಎಫ್‌ನಲ್ಲಿ ತಯಾರಾದ ಬಿಇಎಂಎಲ್ ಡೋಜರ್‌ಗಳೂ ಸೇರಿ ಈ ಗಾತ್ರದ ಯಂತ್ರಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ನೀವು ಹೊಸದು ಹಾಕಿದ್ದು ಎರಡನ್ನೂನಾ, ಒಂದನ್ನೇನಾ? ಒಂದು ಹಳೆಯದಾದರೆ ಅದು ಇನ್ನೊಂದರ ಬಲವನ್ನೂ ತಡೆಯುತ್ತದೆ. ಸೆಲ್ಫ್ ಹೊಡೆಯುವಾಗ ಮೀಟರ್ ಹಿಡಿಯಿರಿ. ಎರಡೂ ಸೇರಿ 18 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸಾಲದು. ಬೀಳದೆಯೂ ನಿಧಾನ ತಿರುಗಿದರೆ ಅರ್ಥ್ ಕೇಬಲ್ ಬಿಚ್ಚಿ, ಚಾಸಿ ಮುಟ್ಟುವ ಜಾಗವನ್ನು ಹೊಳೆಯುವ ತನಕ ಉಜ್ಜಿ ಹಾಕಿ.

ಕೆಲವರು ಈಥರ್ ಸ್ಪ್ರೇ ಹೊಡೆಯುತ್ತಾರೆ. ಸ್ಟಾರ್ಟ್ ಮಾಡಲು ಒಳಗಿನ ಗಾಳಿ ಬಿಸಿ ಮಾಡುವ ಹೀಟರ್ ಇರುವ ಇಂಜಿನ್‌ಗೆ ಅದು ಸ್ಫೋಟಕ, ದಯವಿಟ್ಟು ಬೇಡ. ಸ್ಕ್ರೂಡ್ರೈವರ್‌ನಿಂದ ಸೆಲ್ಫ್ ಟರ್ಮಿನಲ್ ಶಾರ್ಟ್ ಮಾಡುವುದೂ ಬೇಡ. ಗೇರ್‌ನಲ್ಲಿದ್ದರೆ ಡೋಜರ್ ಮುಂದೆ ಹೊರಡುತ್ತದೆ, ನೀವು ಚೈನ್ ಪಕ್ಕದಲ್ಲೇ ನಿಂತಿರುತ್ತೀರಿ. ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಭಾಗ) ಇರುವ ಡೋಜರನ್ನು ಎಳೆದು ಸ್ಟಾರ್ಟ್ ಮಾಡುವುದೂ ಆಗದ ಮಾತು.

ಇದೇ ತೊಂದರೆ ಇರುವ ಬೇರೆಯವರಿಗೂ ಒಂದು ಮಾತು. ಸೈಲೆನ್ಸರ್ ಬಾಯಿ ಮುಚ್ಚದೆ ನಿಲ್ಲಿಸಿದ್ದರೆ ಮಳೆ ನೀರು ಸಿಲಿಂಡರ್‌ಗೆ ಇಳಿದಿರಬಹುದು. ಹಾಗೇ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ನಾಝಲ್ ತೆಗೆದು ಇಂಜಿನನ್ನು ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡುವ ಮಾತೇ ಬೇಡ.

ಫಿಲ್ಟರ್‌ವರೆಗೆ ಶುದ್ಧ ಡೀಸೆಲ್ ಬರುತ್ತಿದೆ, ಗಾಳಿ ಇಲ್ಲ, ಲಿವರ್ ಆಡುತ್ತದೆ, ಆದರೂ ಒಂದು ನಾಝಲ್ ಪೈಪಿನಲ್ಲೂ ಡೀಸೆಲ್ ಚಿಮ್ಮುತ್ತಿಲ್ಲ ಎಂದಾದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಪಂಪನ್ನು ಚಿಕ್ಕಮಗಳೂರು ಅಥವಾ ಹಾಸನದ ಪಂಪ್ ರಿಪೇರಿಯವರ ಹತ್ತಿರ ಕಳಿಸಿ. ಬಿಚ್ಚುವ ಮೊದಲು ಪಂಪಿಗೂ ಇಂಜಿನ್‌ಗೂ ಸೇರುವ ಜಾಗದಲ್ಲಿ ಟೈಮಿಂಗ್ ಗುರುತು (ಪಂಪನ್ನು ಮತ್ತೆ ಅದೇ ಸ್ಥಾನಕ್ಕೆ ಕೂರಿಸಲು ಬೇಕಾದ ಗೆರೆ) ಇದೆಯಾ ನೋಡಿ, ಇಲ್ಲದಿದ್ದರೆ ಉಳಿಯಿಂದ ಹಾಕಿಸಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.