ಗಾಜಿನ ಪೆಟ್ಟಿಗೆಯಲ್ಲಿ ಗಗ್ಗರ

ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಕರಾವಳಿಯ ಜನ ದೈವವೆಂದು ಪೂಜಿಸುವ ಭೂತಗಳ ಮರದ ಮೂರ್ತಿಗಳಿವೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಿಂದ ಹೋದವೂ ಅವುಗಳಲ್ಲಿ ಸೇರಿವೆ. ಊರಿನಲ್ಲಿ ಮರದ ಮೂರ್ತಿಗೆ ಹುಳ ಹಿಡಿದರೆ ಹೊಸದನ್ನು ಕೆತ್ತಿಸಿ ಪ್ರತಿಷ್ಠೆ ಮಾಡುತ್ತಾರೆ, ಹಳೆಯದನ್ನು ಬಿಟ್ಟುಬಿಡುತ್ತಾರೆ. ಊರು ಬಿಟ್ಟದ್ದನ್ನು ವಸ್ತುಸಂಗ್ರಹಾಲಯ ಕಾಪಾಡುತ್ತದೆ. ಆದರೆ ಊರು ಉಳಿಸಿಕೊಂಡದ್ದು ಮರವನ್ನಲ್ಲ, ಆಚರಣೆಯನ್ನು.

1972ರ ವಿಶ್ವ ಪರಂಪರೆ ಒಪ್ಪಂದ ಸ್ಮಾರಕ ಮತ್ತು ನಿಸರ್ಗತಾಣಗಳಿಗೆ ಮೀಸಲಾಗಿತ್ತು. ಹಾಡು, ಆಚರಣೆ, ಕೈಕೆಲಸದ ಅರಿವನ್ನೂ ಪರಂಪರೆಯೆಂದು ಯುನೆಸ್ಕೊ ಒಪ್ಪಂದ ಮಾಡಿಕೊಂಡದ್ದು 2003ರಲ್ಲಿ. ಭಾರತ 2005ರಲ್ಲಿ ಅದನ್ನು ಅನುಮೋದಿಸಿತು. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ 2007ರಲ್ಲಿ ವಸ್ತುಸಂಗ್ರಹಾಲಯದ ತನ್ನ ವ್ಯಾಖ್ಯೆಗೆ ಇಂಥ ಅಮೂರ್ತ ಪರಂಪರೆಯನ್ನು ಸೇರಿಸಿತು. ಅದನ್ನು ತೋರಿಸಲು ಪ್ರದರ್ಶನಗಳು ವಿಡಿಯೊ, ಧ್ವನಿಮುದ್ರಣ ಬಳಸುತ್ತವೆ. ತೊಡಕು ಶುರುವಾಗುವುದೂ ಅಲ್ಲಿಯೇ.

ವೇಷ ಕಟ್ಟಿದವನ ಮೈಮೇಲೆ ಭೂತ ಬರುವ ರಾತ್ರಿಯ ಆಚರಣೆ ಕೋಲ. ಅದರಲ್ಲಿ ಎಲ್ಲಕ್ಕೂ ಒಂದು ಹೊತ್ತಿದೆ. ಕೋಲ ಕಟ್ಟುವವನು ಮೊದಲು ಎಣ್ಣೆಬೂಳ್ಯ, ಅಂದರೆ ಎಣ್ಣೆ ವೀಳ್ಯ, ಪಡೆಯುತ್ತಾನೆ. ಮುಖಕ್ಕೆ ಅರದಾಳದ ಹಳದಿ, ಸೊಂಟಕ್ಕೆ ತೆಂಗಿನ ಎಳೆಗರಿಯ ಉಡುಪಾದ ಸಿರಿ. ಅವನ ಮನೆಯ ಹೆಂಗಸರು ತೆಂಬರೆಯೆಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ಪಾಡ್ದನ, ಅಂದರೆ ಭೂತದ ಕತೆ ಹೇಳುವ ತುಳು ಹಾಡು, ಹೇಳುತ್ತಾರೆ. ಅಪ್ಪಣೆ ಕೇಳಿಯೇ ಕಾಲಿಗೆ ಗಗ್ಗರವೆಂಬ ಲೋಹದ ಗೆಜ್ಜೆ ಕಟ್ಟುವುದು. ಅದೇ ಪಾಡ್ದನವನ್ನು ದಿನವಿಡೀ ಮತ್ತೆ ಮತ್ತೆ ನುಡಿಸಿದರೆ ಅದು ಹಿನ್ನೆಲೆ ಸಂಗೀತವಾಗಿಬಿಡುತ್ತದೆ. ನಿಗದಿತ ಹೊತ್ತಿಗೆ ಒಮ್ಮೆ ಕೇಳಿಸಿ, ಉಳಿದ ಹೊತ್ತು ಕೋಣೆಯನ್ನು ಸುಮ್ಮನಿರಿಸುವುದೇ ಮೇಲು. ಜೊತೆಗೆ ತುಳು ಪಠ್ಯ, ಅದರ ಅರ್ಥ, ಹಾಡಿದವರ ಹೆಸರು ಇರಲೇಬೇಕು.

ಸಿರಿಯದು ಇನ್ನೊಂದು ಸಮಸ್ಯೆ. ಹಸಿ ಗರಿ ತೇವವನ್ನೂ ಹುಳವನ್ನೂ ತರುತ್ತದೆಂದು ಸಂರಕ್ಷಕರು ಒಳಗೆ ಬಿಡುವುದಿಲ್ಲ. ಅವರ ಆತಂಕ ಸರಿಯೇ. ಹಾಗೆಂದು ಪ್ಲಾಸ್ಟಿಕ್ ಗರಿ ಉಡಿಸಿದರೆ, ಒಂದೇ ರಾತ್ರಿಗೆಂದು ಹೆಣೆದ ಉಡುಪು ಶಾಶ್ವತವೆಂಬ ಸುಳ್ಳು ಹೇಳಿದಂತೆ. ಹಳೆಯ ಮೂರ್ತಿಗಳಿಂದ ದೂರ, ಬೇರೆ ಕೋಣೆಯಲ್ಲಿ ಅಥವಾ ಅಂಗಳದಲ್ಲಿ, ಬಲ್ಲವರಿಂದಲೇ ಸಿರಿ ಹೆಣೆಸಬಹುದು. ಕೂಲಿ ಕೊಟ್ಟು ಹೆಣೆಸಬೇಕು, ಒಣಗಲು ಬಿಡಬೇಕು, ಆಮೇಲೆ ತೆಗೆಯಬೇಕು.

ಅನುಮತಿ ಕೇಳುವಾಗ ಕೋಲ ನಡೆಸುವ ಗುತ್ತಿನ ಮನೆಯವರನ್ನು, ಅಂದರೆ ಊರಿನ ಹಳೆಯ ಭೂಮಾಲೀಕ ಮನೆತನದವರನ್ನು ಮಾತ್ರ ಕಂಡು ಬರುವುದು ದೊಡ್ಡ ತಪ್ಪು. ಕೋಲ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ಅವರನ್ನು ಪ್ರತ್ಯೇಕವಾಗಿ, ಮೊದಲೇ ಕೇಳಬೇಕು: ಯಾವುದನ್ನು ಚಿತ್ರೀಕರಿಸಬಹುದು, ಯಾವುದು ಬೇಡ? ರಾತ್ರಿ ದೈವವಾಗಿ ನ್ಯಾಯ ಹೇಳಿದವನನ್ನು ಬೆಳಗಾದರೆ ಜಾತಿಯ ಕಾರಣಕ್ಕೆ ಅಂಗಳದಾಚೆ ನಿಲ್ಲಿಸಿದ ಚರಿತ್ರೆಯೂ ಈ ಪರಂಪರೆಯದೇ. ಬಣ್ಣ, ಬೆಂಕಿ ತೋರಿಸಿ ಅದನ್ನು ಬಿಡುವ ಪ್ರದರ್ಶನ ಅರ್ಧಸತ್ಯ.

ಕೆಲವೊಮ್ಮೆ ಉತ್ತರ 'ತೋರಿಸಬೇಡಿ' ಎಂದೇ ಬರಬಹುದು. ಅಮೆರಿಕದ ಮೂಲನಿವಾಸಿಗಳಾದ ಝೂನಿ ಜನ ತಮ್ಮ ಯುದ್ಧದೇವತೆಗಳ ಮರದ ಮೂರ್ತಿಗಳನ್ನು 1978ರಿಂದ ವಸ್ತುಸಂಗ್ರಹಾಲಯಗಳಿಂದ ಮರಳಿ ಕೇಳತೊಡಗಿದರು. ಹಲವು ಹಿಂದಿರುಗಿದವು. ಅವನ್ನು ಬಯಲಿನ ಗುಡಿಗಳಲ್ಲಿಟ್ಟರು, ಬಿಸಿಲು ಮಳೆಗೆ ಕರಗಿ ಮಣ್ಣಾಗಲೆಂದು.