ಕೈ ಚಾಚಿದರೆ ಹೇಂಟೆ ನೆಲಕ್ಕೆ ಅಂಟಿ ಕೂರುವುದೇಕೆ?

ಪ್ರಶ್ನೆ: ನಮ್ಮ ಹಿತ್ತಿಲಲ್ಲಿ ನಾಲ್ಕು ಗಿರಿರಾಜ ಹೇಂಟೆಗಳಿವೆ, ಹುಂಜ ಇಲ್ಲ. ಐದು ತಿಂಗಳು ತುಂಬಿದೆ. ಒಂದು ವಾರದಿಂದ ಅವುಗಳಲ್ಲೊಂದು, ನಾವು ಹತ್ತಿರ ಹೋಗಿ ಕೈ ಚಾಚಿದರೆ ಓಡಿಹೋಗುವ ಬದಲು ರೆಕ್ಕೆ ಅಗಲಿಸಿ ನೆಲಕ್ಕೆ ಅಂಟಿಕೊಂಡು ಕೂತುಬಿಡುತ್ತದೆ. ಇನ್ನೊಂದು ಬೆಳಗಿನ ಹೊತ್ತೆಲ್ಲ ನರಳಿದಂತೆ ಕೂಗುತ್ತಾ ಸೌದೆ ರಾಶಿಯ ಸಂದಿ, ಕೊಟ್ಟಿಗೆಯ ಮೂಲೆ ಎಲ್ಲವನ್ನೂ ಇಣುಕಿ ನೋಡುತ್ತದೆ. ನಮ್ಮ ಅತ್ತೆಯವರು ಕಾವಿಗೆ ಬಂದಿದೆ ಎನ್ನುತ್ತಾರೆ, ಪಕ್ಕದ ಮನೆಯವರು ಕಾಲಿನ ರೋಗ ಎನ್ನುತ್ತಾರೆ. ಔಷಧಿ ಹಾಕಬೇಕೇ?

ಉತ್ತರ: ಔಷಧಿ ಬೇಡ. ನೀವು ಬರೆದಿರುವ ಎರಡೂ ವರ್ತನೆಗಳು ಮೊದಲ ಮೊಟ್ಟೆ ಹತ್ತಿರವಾಗುತ್ತಿರುವುದರ ಲಕ್ಷಣಗಳಂತಿವೆ. ಅತ್ತೆಯವರ ಮಾತಿಗೂ ಒಂದು ತಿದ್ದುಪಡಿ ಬೇಕು: ಹೇಂಟೆ ಕಾವಿಗೆ ಕೂರುವುದು ಒಂದು ಸುತ್ತು ಮೊಟ್ಟೆ ಇಟ್ಟ ಮೇಲೆಯೇ ಹೊರತು ಅದಕ್ಕೆ ಮೊದಲಲ್ಲ. ಕಾವಿಗೆ ಬಂದ ಕೋಳಿ ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದವರ ಮೇಲೆ ಗರಿ ಕೆದರಿ ಗುರುಗುಟ್ಟುತ್ತದೆ. ನಿಮ್ಮ ಕೋಳಿ ಇನ್ನೂ ಗೂಡನ್ನು ಹುಡುಕುವ ಹಂತದಲ್ಲಿದೆ.

ನೆಲಕ್ಕೆ ಅಂಟಿ ಕೂರುವುದನ್ನು ಹತ್ತಿರದಿಂದ ಗಮನಿಸಿ. ಬೆನ್ನಿನ ಮೇಲೆ ನೆರಳು ಬಿದ್ದ ಕೂಡಲೇ ಅದು ಕಾಲು ಮಡಿಚಿ, ಬೆನ್ನು ಚಪ್ಪಟೆ ಮಾಡಿ, ರೆಕ್ಕೆಗಳನ್ನು ಮೈಯಿಂದ ನಾಲ್ಕು ಬೆರಳಿನಷ್ಟು ದೂರ ಸರಿಸಿ, ಬಾಲವನ್ನು ಸ್ವಲ್ಪ ಎತ್ತಿ ಅಲುಗಾಡದೆ ನಿಲ್ಲುತ್ತದೆ. ನೀವು ಬೆನ್ನು ಸವರಿ ಕೈ ತೆಗೆದರೆ ಎದ್ದು, ಮೈಯ ಗರಿಗಳನ್ನೆಲ್ಲ ಒಮ್ಮೆ ಜೋರಾಗಿ ಕೊಡವಿ, ಏನೂ ಆಗದ ಹಾಗೆ ಕೆದಕಲು ಹೋಗುತ್ತದೆ. ಹುಂಜ ಬೆನ್ನೇರುವಾಗ ಹೇಂಟೆ ತಾಳುವ ಭಂಗಿಯೇ ಇದು. ನಿಮ್ಮಲ್ಲಿ ಹುಂಜವಿಲ್ಲದ ಕಾರಣ ಮೇಲಿನಿಂದ ಬರುವ ನಿಮ್ಮ ಕೈಗೇ ಅದು ಈ ಉತ್ತರವನ್ನು ಕೊಡುತ್ತಿದೆ. ನಿನ್ನೆ ಮೊನ್ನೆಯವರೆಗೆ ಹಿಡಿಯಲು ಹೋದರೆ ಬೇಲಿ ಹಾರುತ್ತಿದ್ದ ಕೋಳಿ ಹೀಗೆ ಶರಣಾದರೆ ಗಾಬರಿಯಾಗುವುದು ಸಹಜ, ಆದರೆ ಸಾಮಾನ್ಯವಾಗಿ ಈ ಭಂಗಿ ಕಂಡ ಒಂದರಿಂದ ಮೂರು ವಾರಗಳೊಳಗೆ ಮೊಟ್ಟೆ ಕಾಣಿಸುತ್ತದೆ.

ಇದಕ್ಕೆಲ್ಲ ಮೂಲ ಹಗಲಿನ ಬೆಳಕು. ಬೆಳಕು ಕೋಳಿಯ ಕಣ್ಣಿಗೆ ಮಾತ್ರವಲ್ಲ, ತೆಳುವಾದ ತಲೆಬುರುಡೆಯನ್ನು ದಾಟಿ ನೇರವಾಗಿ ಮಿದುಳಿಗೂ ತಲುಪುತ್ತದೆ. ವಯಸ್ಸು ತುಂಬಿದ ಹೇಂಟೆಯಲ್ಲಿ ಅಲ್ಲಿಂದ ಹೊರಟ ಸಂದೇಶ ಅಂಡಾಶಯವನ್ನು ಎಬ್ಬಿಸುತ್ತದೆ. ಕೋಳಿಗೆ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಒಂದೇ ಕೆಲಸ ಮಾಡುವುದು. ಅದು ಸ್ರವಿಸುವ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯಕೃತ್ತು ಹಳದಿ ಭಾಗಕ್ಕೆ ಬೇಕಾದ ಕೊಬ್ಬು ಮತ್ತು ಪ್ರೋಟೀನನ್ನು ತಯಾರಿಸತೊಡಗುತ್ತದೆ, ಅಂಡನಾಳ ದಪ್ಪವಾಗುತ್ತದೆ, ಜುಟ್ಟು ಮಾಸಲು ಗುಲಾಬಿಯಿಂದ ಕಡುಗೆಂಪಿಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್‌ನದು 13 ಗಂಟೆಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ದೊಡ್ಡದಲ್ಲವಾದರೂ ಚಳಿಗಾಲಕ್ಕೆ ಪ್ರಾಯಕ್ಕೆ ಬಂದ ಹೇಂಟೆಗಳು ಕೆಲವು ವಾರ ತಡಮಾಡುವುದುಂಟು. ವಯಸ್ಸಿನ ಲೆಕ್ಕವೂ ತಳಿಗೆ ತಕ್ಕಂತೆ ಬೇರೆ. ಫಾರಂಗಳ ಮೊಟ್ಟೆ ಕೋಳಿ 18ರಿಂದ 20 ವಾರಕ್ಕೇ ಶುರುಮಾಡುತ್ತದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಐದೂವರೆ ತಿಂಗಳ ಆಸುಪಾಸಿನಲ್ಲಿ, ನಾಟಿ ಕೋಳಿ ಆರೇಳು ತಿಂಗಳಿಗೆ. ಆದ್ದರಿಂದ ನಿಮ್ಮ ಕೋಳಿಗಳು ಸರಿಯಾದ ಹೊತ್ತಿನಲ್ಲೇ ಇವೆ.

ಊಹೆ ಬೇಡ ಎನ್ನಿಸಿದರೆ ಕೈಯಿಂದಲೇ ಪರೀಕ್ಷಿಸಬಹುದು. ಸಂಜೆ ಗೂಡು ಸೇರಿದ ಮೇಲೆ ಕೋಳಿಯನ್ನು ಕಂಕುಳಲ್ಲಿ ಹಿಡಿದು, ಬಾಲದ ಕೆಳಗೆ, ದ್ವಾರದ ಎರಡೂ ಪಕ್ಕದಲ್ಲಿ ಬೆರಳಿಗೆ ಚುಚ್ಚುವಂತೆ ಸಿಗುವ ಎರಡು ಸಣ್ಣ ಮೂಳೆಗಳನ್ನು ಮುಟ್ಟಿ ನೋಡಿ. ಅವುಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟವಾದರೆ ಇನ್ನೂ ಸಮಯವಿದೆ. ಎರಡು ಬೆರಳು ಸಲೀಸಾಗಿ ಕೂತು, ದ್ವಾರವೂ ಅಗಲವಾಗಿ ತೇವವಾಗಿದ್ದರೆ ಮೊಟ್ಟೆ ದೂರವಿಲ್ಲ.

ಎರಡನೆಯ ಕೋಳಿಯ ಅಲೆದಾಟಕ್ಕೆ ಕಾರಣ ಇನ್ನೂ ಹಳೆಯದು. ಕೋಳಿಯ ಮೂಲಪುರುಷನಾದ ಕೆಂಪು ಕಾಡುಕೋಳಿಯ ಹೇಂಟೆ ಪೊದೆಯ ಬುಡದಲ್ಲಿ, ತರಗೆಲೆಯ ನಡುವೆ, ಕಣ್ಣಿಗೆ ಬೀಳದ ತಗ್ಗಿನಲ್ಲಿ ಮೊಟ್ಟೆ ಇಡುವ ಹಕ್ಕಿ. ಸಾವಿರಾರು ವರ್ಷ ಮನೆಯಲ್ಲಿ ಸಾಕಿದರೂ ಆ ಹುಡುಕಾಟ ಹೋಗಿಲ್ಲ. ಆದ್ದರಿಂದಲೇ ಅದು ಸಂದಿಗಳನ್ನು ಇಣುಕುತ್ತದೆ, ಕೂತು ಏಳುತ್ತದೆ, ಹುಲ್ಲಿನ ಎಸಳುಗಳನ್ನು ಕೊಕ್ಕಿನಲ್ಲಿ ಎತ್ತಿ ತನ್ನ ಬೆನ್ನ ಮೇಲೆ ಎಸೆದುಕೊಳ್ಳುತ್ತದೆ. ಎಳೆದೆಳೆದು ನರಳುವ ಆ ಕೂಗು ನೋವಿನದಲ್ಲ, ಹೆಚ್ಚಾಗಿ ಒಪ್ಪಿಗೆಯಾಗುವ ಜಾಗ ಸಿಗಲಿಲ್ಲವೆಂಬ ಅಸಮಾಧಾನದ್ದು. ನಾನು ಕೋಳಿ ಸಾಕತೊಡಗಿದ ಮೊದಲ ವರ್ಷ ಇದನ್ನು ಅರಿಯದೆ, ನಮ್ಮ ಹೇಂಟೆ ಎಲ್ಲವನ್ನೂ ಮಾಡುತ್ತದೆ, ಮೊಟ್ಟೆ ಮಾತ್ರ ಇಡುವುದಿಲ್ಲ ಎಂದು ಬೈದುಕೊಂಡಿದ್ದೆ. ಒಂದು ದಿನ ಒಲೆಗೆಂದು ಒಣಗಿದ ತೆಂಗಿನ ಗರಿಗಳನ್ನು ಎಳೆದಾಗ ಅಡಿಯಲ್ಲಿ ಹನ್ನೊಂದು ಮೊಟ್ಟೆಗಳಿದ್ದವು, ಅರ್ಧಕ್ಕರ್ಧ ಕೊಳೆತಿದ್ದವು.

ಹೀಗಾಗಿ ಗೂಡನ್ನು ಈ ವಾರವೇ ಅಣಿಮಾಡಿ. ಒಂದು ಅಡಿ ಉದ್ದಗಲದ ಮರದ ಪೆಟ್ಟಿಗೆ ಅಥವಾ ಹಳೆಯ ಬಿದಿರು ಬುಟ್ಟಿ ನಾಲ್ಕು ಕೋಳಿಗೆ ಒಂದು ಸಾಕು. ಒಳಗೆ ಭತ್ತದ ಹುಲ್ಲು ಅಥವಾ ಹೊಟ್ಟು ಹಾಕಿ, ಬೆಳಕು ಕಡಿಮೆ ಇರುವ, ಜನ ಮತ್ತು ನಾಯಿ ಓಡಾಡದ ಮೂಲೆಯಲ್ಲಿಡಿ. ಕತ್ತಲೆ ಮುಖ್ಯ, ಏಕೆಂದರೆ ಮೊಟ್ಟೆ ಇಟ್ಟ ಕ್ಷಣದಲ್ಲಿ ಒಳಚರ್ಮ ಸ್ವಲ್ಪ ಹೊರಬಂದು ಕೆಂಪಾಗಿ ಕಾಣುತ್ತದೆ. ಬೆಳಕಿದ್ದರೆ ಉಳಿದ ಕೋಳಿಗಳು ಅದನ್ನೇ ಕುಕ್ಕಿ ಗಾಯ ಮಾಡುತ್ತವೆ, ಒಮ್ಮೆ ರಕ್ತದ ರುಚಿ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಬುಟ್ಟಿಯಲ್ಲಿ ಮೊಟ್ಟೆಯ ಗಾತ್ರದ ನುಣುಪಾದ ಬಿಳಿ ಕಲ್ಲೊಂದನ್ನು ಇಟ್ಟರೆ ಇಲ್ಲಿ ಇಡಬಹುದೆಂದು ಕೋಳಿಗೆ ಬೇಗ ಹೊಳೆಯುತ್ತದೆ.

ಆಹಾರದ ವಿಷಯದಲ್ಲಿ ಹಿತ್ತಿಲಿನವರು ಹೆಚ್ಚಾಗಿ ತಪ್ಪುವುದು ಸುಣ್ಣದಂಶದಲ್ಲಿ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೊದಲ ಮೊಟ್ಟೆಗೆ ಎರಡು ವಾರ ಮುಂಚಿನಿಂದಲೇ ಹೇಂಟೆ ತನ್ನ ಕಾಲಿನ ಮೂಳೆಗಳ ಟೊಳ್ಳಿನಲ್ಲಿ ಅದಕ್ಕಾಗಿಯೇ ವಿಶೇಷ ಮೂಳೆಯನ್ನು ಬೆಳೆಸಿ ದಾಸ್ತಾನು ಮಾಡಿಕೊಳ್ಳುತ್ತದೆ. ಬೆಳೆಯುವ ಕೋಳಿಯ ಫೀಡಿನಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 1ರಷ್ಟಿದ್ದರೆ, ಮೊಟ್ಟೆ ಇಡುವ ಕೋಳಿಯ ಫೀಡಿನಲ್ಲಿ ಶೇ. 3.5ರಿಂದ 4ರಷ್ಟಿರುತ್ತದೆ. ಎರಡು ತಿಂಗಳ ಮರಿಗೆ ಇದನ್ನೇ ತಿನ್ನಿಸಿದರೆ ಮೂತ್ರಪಿಂಡ ಕೆಡುತ್ತದೆ, ರಾಗಿ, ನುಚ್ಚು, ಅಡುಗೆಮನೆಯ ಉಳಿಕೆ ಮಾತ್ರ ತಿಂದು ಬೆಳೆದ ಹೇಂಟೆಗೆ ಇದು ಸಿಗದಿದ್ದರೆ ಚಿಪ್ಪೇ ಇಲ್ಲದ ತೊಗಲು ಮೊಟ್ಟೆ ಬೀಳುತ್ತದೆ. ನಿಮಗೆ ಸುಲಭವಾದ ದಾರಿಯೆಂದರೆ, ಪುಡಿಮಾಡಿದ ಕಪ್ಪೆಚಿಪ್ಪನ್ನು ಫೀಡಿಗೆ ಬೆರೆಸದೆ ಪಕ್ಕದಲ್ಲಿ ಬೇರೆ ಬಟ್ಟಲಿನಲ್ಲಿಡುವುದು. ಬೇಕಾದ ಕೋಳಿ ತಾನೇ ತಿನ್ನುತ್ತದೆ, ಇನ್ನೂ ಹೊತ್ತಿರುವ ಕೋಳಿ ಮುಟ್ಟದೆ ಹೋಗುತ್ತದೆ.

ಇನ್ನು ಪಕ್ಕದ ಮನೆಯವರ ಅನುಮಾನ. ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಮಾರೆಕ್ಸ್ ಎಂಬ ವೈರಸ್ ರೋಗ ಈ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದುಂಟು. ಅದು ತಗುಲಿದ ಕೋಳಿಯೂ ಕೂತೇ ಇರುತ್ತದೆ, ಆದರೆ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿಕೊಂಡಿರುತ್ತದೆ, ಎಬ್ಬಿಸಿದರೂ ನಿಲ್ಲಲಾರದು. ಕತ್ತು ತಿರುಚುವುದು, ಬಾಯಿ ತೆರೆದು ಏದುಸಿರು ಬಿಡುವುದು, ಹಸಿರು ಹಿಕ್ಕೆ ಕಂಡರೆ ಕೊಕ್ಕರೆ ರೋಗದ (ರಾಣಿಖೇತ್) ಶಂಕೆ, ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿಯ ಶಂಕೆ. ಜುಟ್ಟು ಕೆಂಪಾಗುವ ಬದಲು ಬಿಳಿಚಿಕೊಂಡು, ಕೋಳಿ ಮೇವು ಬಿಟ್ಟು ಮೂಲೆ ಹಿಡಿದಿದ್ದರೂ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮೊಟ್ಟೆ ಸಿಕ್ಕಿಕೊಂಡ ಕೋಳಿಯ ರೀತಿಯೇ ಬೇರೆ. ಅದು ಬಾಲ ಇಳಿಬಿಟ್ಟು ನೆಟ್ಟಗೆ ನಿಂತು ಮತ್ತೆ ಮತ್ತೆ ತಿಣುಕುತ್ತದೆ. ಹೊಟ್ಟೆಯವರೆಗೆ ಮುಳುಗುವಂತೆ ಉಗುರು ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಬೆಚ್ಚಗಿನ ಕತ್ತಲೆಯಲ್ಲಿ ಬಿಟ್ಟರೆ ಹಲವು ಬಾರಿ ಮೊಟ್ಟೆ ಇಳಿಯುತ್ತದೆ. ಕೆಲವು ಗಂಟೆಗಳಲ್ಲಿ ಇಳಿಯದಿದ್ದರೆ ವೈದ್ಯರೇ ಗತಿ. ಬೆರಳು ಹಾಕಿ ಒಡೆಯಲು ಹೋಗಬೇಡಿ.

ಮೊದಲ ಮೊಟ್ಟೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿರಬಹುದು, ಚಿಪ್ಪಿನ ಮೇಲೆ ರಕ್ತದ ಒಂದು ಗೆರೆ ಇರಬಹುದು, ಎರಡು ಹಳದಿಯದೂ ಆಗಬಹುದು. ಇವೆಲ್ಲ ಮೊದಲ ಕೆಲವು ವಾರಗಳ ಮಾತು, ಅಂತಹ ಮೊಟ್ಟೆಯನ್ನು ತಿನ್ನಲು ಅಡ್ಡಿಯಿಲ್ಲ. ರಕ್ತ ದಿನವೂ ಕಂಡರೆ ಮಾತ್ರ ಕೋಳಿಯನ್ನು ಹಿಡಿದು ಪರೀಕ್ಷಿಸಿ. ನಿಮ್ಮ ಉಳಿದ ಎರಡು ಹೇಂಟೆಗಳು ಏನೂ ತೋರಿಸುತ್ತಿಲ್ಲವೆಂದು ಚಿಂತಿಸಬೇಡಿ. ಒಂದೇ ದಿನ ಮರಿಯಾದ ಕೋಳಿಗಳ ನಡುವೆಯೂ ಮೂರು ನಾಲ್ಕು ವಾರಗಳ ಅಂತರ ಸಾಮಾನ್ಯ, ಮೊದಲು ಶುರುಮಾಡಿದ ಕೋಳಿ ಕೂರುವ ಬುಟ್ಟಿಗೇ ಅವೂ ಬರುತ್ತವೆ.