ಹುಳಕ್ಕೆ ಈ ಕುರಿಗಿಂತ ಮುಂದಿನ ಕುರಿಯೇ ಮುಖ್ಯ

ಒಂದೇ ಮಂದೆ, ಒಂದೇ ಹುಲ್ಲುಗಾವಲು, ಒಂದೇ ನೀರು. ಆದರೂ ಹತ್ತು ಕುರಿಗಳಲ್ಲಿ ಎಂಟು ದುಂಡುದುಂಡಗೆ ಇರುತ್ತವೆ, ಎರಡು ಮಾತ್ರ ಸೊರಗಿ ಹಿಂದೆ ಬೀಳುತ್ತವೆ. ಪಶುವೈದ್ಯರಿಗೆ ಇದು ಮಾಮೂಲಿ. "ಡಾಕ್ಟ್ರೇ, ಈ ಎರಡಕ್ಕೇ ಯಾಕೆ ಹುಳ ಆಯ್ತು?" ಅಂತ ಸಾಕಿದವರು ಕೇಳುತ್ತಾರೆ. ನಿಜ ಹೇಳಬೇಕಂದ್ರೆ ಹುಳ ಹತ್ತಕ್ಕೆ ಹತ್ತರಲ್ಲೂ ಇದೆ, ಆದರೆ ಸಮಪಾಲು ಆಗಿಲ್ಲ. ಮಂದೆಯ ಒಟ್ಟು ಹುಳಗಳಲ್ಲಿ ಶೇ. 80ರಷ್ಟು ಹೆಚ್ಚುಕಡಿಮೆ ಶೇ. 20ರಿಂದ 30ರಷ್ಟು ಪ್ರಾಣಿಗಳ ಹೊಟ್ಟೆಯಲ್ಲೇ ಸೇರಿಕೊಂಡಿರುತ್ತವೆ. ಕುರಿಗಳದ್ದು ಮಾತ್ರ ಈ ಕಥೆ ಅಂದುಕೊಳ್ಳಬೇಡಿ. ಮನುಷ್ಯರ ಕರುಳಿನ ದುಂಡುಹುಳು, ಹಕ್ಕಿಗಳ ಹೇನು, ಮೀನಿನ ಮೈಗೆ ಕಚ್ಚಿಕೊಳ್ಳುವ ಪರಾವಲಂಬಿಗಳು, ಎಲ್ಲಿ ಎಣಿಸಿದರೂ ಸಾಮಾನ್ಯವಾಗಿ ಇದೇ ಲೆಕ್ಕ: ಹೆಚ್ಚಿನವುಗಳಲ್ಲಿ ನಾಲ್ಕಾರು, ಕೆಲವೇ ಕೆಲವುಗಳಲ್ಲಿ ರಾಶಿ ರಾಶಿ.

ಕುರಿಯ ಹೊಟ್ಟೆಯಲ್ಲಿರುವ ಈ ಹುಳವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಹೆಸರು ಹಿಮಾಂಕಸ್. ವಾಸ ನಾಲ್ಕನೇ ಹೊಟ್ಟೆಯಲ್ಲಿ. ಹೆಣ್ಣುಹುಳ ಎರಡು ಮೂರು ಸೆಂಟಿಮೀಟರ್ ಉದ್ದ. ರಕ್ತ ಕುಡಿದು ಕೆಂಪಾದ ಕರುಳಿನ ಸುತ್ತ ಬಿಳಿ ಅಂಡಾಶಯ ಸುತ್ತಿಕೊಂಡಿರೋದರಿಂದ ಕೆಂಪು-ಬಿಳಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಒಂದು ಹುಳ ದಿನಕ್ಕೆ 0.05 ಮಿಲಿಲೀಟರ್ ರಕ್ತ ಖರ್ಚು ಮಾಡಿಸುತ್ತದೆ. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ಸಾವಿರ ಹುಳ ಇದ್ದರೆ ಅದೇ 50 ಮಿಲಿಲೀಟರ್ ಆಯಿತು, ಮತ್ತು 25 ಕೆಜಿ ತೂಗುವ ಕುರಿಯ ಮೈಯಲ್ಲಿರುವ ರಕ್ತವೇ ಒಂದೂವರೆ ಲೀಟರಿನ ಆಸುಪಾಸು. ಕೆಲವೇ ದಿನಗಳಲ್ಲಿ ಕಣ್ಣಿನ ಒಳಪೊರೆ ಬಿಳುಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿ ಜೋತುಬೀಳುತ್ತದೆ, ಒಂದು ಬೆಳಗ್ಗೆ ಕುರಿ ಏಳೋದೇ ಇಲ್ಲ.

ಇಲ್ಲೇ ಜನ ಇನ್ನೊಂದು ಪ್ರಶ್ನೆ ಹಾಕುತ್ತಾರೆ. ಕುರಿ ಸತ್ತರೆ ಹುಳಾನೂ ಸಾಯುತ್ತಲ್ಲ, ತಾನಿರೋ ಮನೆಗೆ ತಾನೇ ಬೆಂಕಿ ಹಚ್ಚಿಕೊಳ್ಳುವುದು ಎಂಥ ಬುದ್ಧಿ ಅಂತ. ಬುದ್ಧಿ ಇರೋ ಪರಾವಲಂಬಿ ಆಸರೆ ಕೊಟ್ಟವರನ್ನು ಕೊಲ್ಲಲ್ಲ, ಕಾಲ ಕಳೆದಂತೆ ಇಬ್ಬರೂ ಹೊಂದಿಕೊಂಡು ಬಿಡುತ್ತಾರೆ ಅನ್ನೋ ನಂಬಿಕೆ ಓದಿದವರಲ್ಲೂ ಇದೆ. ನನಗೆ ಇದು ಅರ್ಧ ಸತ್ಯ ಅಷ್ಟೇ ಅನ್ನಿಸುತ್ತದೆ. ಆ ಹೆಣ್ಣುಹುಳ ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಕುರಿ ಸಾಯೋ ಹೊತ್ತಿಗೆ ಲಕ್ಷಾಂತರ ಮೊಟ್ಟೆಗಳು ಹಿಕ್ಕೆಯ ಜೊತೆ ಹುಲ್ಲಿಗೆ ಬಿದ್ದಾಗಿದೆ, ಮರಿಗಳು ಒಡೆದು ಹುಲ್ಲಿನ ಎಸಳು ಹತ್ತಿ ಕೂತಾಗಿದೆ. ಹುಳದ ವಂಶಕ್ಕೆ ಬೇಕಾದದ್ದು ಈ ಕುರಿ ಬದುಕೋದಲ್ಲ, ಮುಂದಿನ ಕುರಿ ಬಂದು ಆ ಹುಲ್ಲಿಗೆ ಬಾಯಿ ಹಾಕೋದು.

ಈ ದಾಟುವ ದಾರಿ ಯಾವುದು ಅನ್ನೋದೇ ಪರಾವಲಂಬಿ ಎಷ್ಟು ಕಾಟ ಕೊಡುತ್ತದೆ ಅನ್ನೋದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಇದರ ದೊಡ್ಡ ಪ್ರಯೋಗ ಬಯಲಲ್ಲೇ ನಡೆದುಹೋಗಿದೆ. ಆಸ್ಟ್ರೇಲಿಯಾದಲ್ಲಿ ಮೊಲಗಳ ಹಾವಳಿ ತಡೆಯಲಾರದೆ 1950ರಲ್ಲಿ ಮಿಕ್ಸೋಮಾ ವೈರಸ್ ಬಿಟ್ಟರು. ವೈರಸ್ಸೂ ಒಂದು ಲೆಕ್ಕದಲ್ಲಿ ಪರಾವಲಂಬಿಯೇ. ಮೊದಲಿಗೆ ತಗುಲಿದ ನೂರು ಮೊಲಗಳಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಸತ್ತವು. ಕೆಲವೇ ವರ್ಷಗಳಲ್ಲಿ ಸ್ವಲ್ಪ ಮೆತ್ತಗಿನ ತಳಿಗಳು ಮೇಲುಗೈ ಪಡೆದವು. "ನೋಡಿ, ಹೊಂದಿಕೊಂಡವು" ಅಂತ ಎಲ್ಲರೂ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಆದರೆ ಆ ಮೆತ್ತಗಿನ ತಳಿಯೂ ಸಾಮಾನ್ಯ ಮೊಲಗಳಲ್ಲಿ ಶೇ. 70ರಿಂದ 95ರಷ್ಟನ್ನು ಕೊಲ್ಲುತ್ತಿತ್ತು! ವೈರಸ್ಸನ್ನು ಹೊತ್ತು ತಿರುಗುತ್ತಿದ್ದದ್ದು ಸೊಳ್ಳೆ. ಮೊಲ ಬೇಗ ಸತ್ತರೆ ಸೊಳ್ಳೆಗೆ ಕಚ್ಚಲು ಸಮಯ ಸಿಗಲ್ಲ. ತೀರಾ ಸೌಮ್ಯವಾದರೆ ಚರ್ಮದ ಗಂಟುಗಳಲ್ಲಿ ಸೊಳ್ಳೆಯ ಬಾಯಿಗೆ ಅಂಟುವಷ್ಟು ವೈರಸ್ಸೇ ಇರಲ್ಲ. ನಡುವಿನದ್ದು ಗೆದ್ದಿತು. ಮುಂದೆ ಮೊಲಗಳೂ ಗಟ್ಟಿಯಾದವು, ಅದಕ್ಕೆ ತಕ್ಕಂತೆ ವೈರಸ್ಸೂ ಮತ್ತೆ ಜೋರಾಯಿತು.

ದಾಟೋದಕ್ಕೆ ಕೆಲವು ಪರಾವಲಂಬಿಗಳು ಮಾಡೋ ಕಸರತ್ತು ನೋಡಿದರೆ ತಲೆ ತಿರುಗುತ್ತೆ. ಕುರಿಯ ಪಿತ್ತನಾಳದಲ್ಲಿ ಒಂದು ಸಣ್ಣ ಚಪ್ಪಟೆಹುಳ ಇರುತ್ತದೆ, ಡೈಕ್ರೊಸೀಲಿಯಂ ಅಂತ. ಅದರ ಮೊಟ್ಟೆಯನ್ನು ನೆಲದ ಬಸವನಹುಳು ತಿನ್ನಬೇಕು, ಅದು ಬಿಟ್ಟ ಲೋಳೆಯನ್ನು ಇರುವೆ ತಿನ್ನಬೇಕು, ಆ ಇರುವೆಯನ್ನು ಕುರಿ ತಿನ್ನಬೇಕು. ಕುರಿ ಇರುವೆ ತಿನ್ನುತ್ತಾ? ತಿನ್ನಲ್ಲ. ಅದಕ್ಕೇ ಇರುವೆಯ ಹೊಟ್ಟೆ ಸೇರಿದ ಮರಿಹುಳಗಳಲ್ಲಿ ಸಾಮಾನ್ಯವಾಗಿ ಒಂದು ತಲೆಗೆ ಹೋಗಿ ಬಾಯಿಯ ಹತ್ತಿರದ ನರಗಂಟಿನಲ್ಲಿ ಕೂರುತ್ತದೆ. ಸಂಜೆ ತಂಪಾದಾಗ ಆ ಇರುವೆ ಗೂಡಿಗೆ ಹೋಗದೆ ಹುಲ್ಲಿನ ತುದಿ ಹತ್ತಿ ದವಡೆಯಿಂದ ಕಚ್ಚಿ ಹಿಡಿದು ನಿಲ್ಲುತ್ತದೆ. ಬೆಳಗ್ಗೆ ಬಿಸಿಲೇರಿದರೆ ಹಿಡಿತ ಬಿಟ್ಟು ಇಳಿದು ತನ್ನ ಕೆಲಸಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಬಿಸಿಲಿಗೆ ಇರುವೆಯೂ ಸತ್ತು ಒಳಗಿರೋ ಹುಳವೂ ಸಾಯುತ್ತಿತ್ತಲ್ಲ. ಕುರಿಗೆ ಸೋಂಕು ಹತ್ತಿಸೋದು ಹೊಟ್ಟೆಯಲ್ಲಿರುವ ಹುಳಗಳು. ತಲೆಗೆ ಹೋದದ್ದು ದಾಟೋದೇ ಇಲ್ಲ.

ಈ ಕಸರತ್ತು ಗೊತ್ತಾದರೆ ತಡೆಯೋ ಉಪಾಯವೂ ಹೊಳೆಯುತ್ತದೆ. ನಾರುಹುಣ್ಣಿನ ಹುಳ ಕಾಲಿನ ಚರ್ಮದಲ್ಲಿ ಉರಿಗುಳ್ಳೆ ಎಬ್ಬಿಸುತ್ತದೆ, ಉರಿ ತಾಳಲಾರದೆ ಜನ ಕೊಳದ ನೀರಿಗೆ ಕಾಲಿಡುತ್ತಾರೆ, ಹುಳ ಅಲ್ಲೇ ಮರಿಗಳನ್ನು ಬಿಡುತ್ತದೆ. ಇದಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಹುಣ್ಣಿನವರನ್ನು ನೀರಿಗೆ ಇಳಿಯದಂತೆ ನೋಡಿಕೊಂಡು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿಯೇ 1986ರ ಸುಮಾರು 35 ಲಕ್ಷ ಪ್ರಕರಣಗಳನ್ನು 2023ರ ಹೊತ್ತಿಗೆ 14ಕ್ಕೆ ಇಳಿಸಿದರು. (ಈಗ ನಾಯಿಗಳಲ್ಲಿ ಕಾಣಿಸಿಕೊಂಡು ಸತಾಯಿಸುತ್ತಿದೆ, ಆ ಮಾತು ಬೇರೆ.)

ಇನ್ನು ಎದುರಾಳಿಯ ಕಡೆ ನೋಡಿದರೆ, ಪ್ರಾಣಿ ಸುಮ್ನೆ ಕೂತಿರಲ್ಲ, ಆದರೆ ಅದರ ಪ್ರತಿಯೊಂದು ರಕ್ಷಣೆಗೂ ಖರ್ಚಿದೆ. ಮನುಷ್ಯರಲ್ಲಿ ಕೆಂಪು ರಕ್ತಕಣವನ್ನು ಕುಡಗೋಲಿನಂತೆ ಬಾಗಿಸುವ (ಸಿಕಲ್ ಸೆಲ್) ವಂಶವಾಹಿ ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದ ಹೊಡೆತದಿಂದ ಕಾಪಾಡುತ್ತದೆ, ಇಬ್ಬರಿಂದಲೂ ಬಂದರೆ ಅದೇ ವಂಶವಾಹಿ ಕುಡಗೋಲು ಕಣದ ಕಾಯಿಲೆ ತರುತ್ತದೆ. ಕುರಿ ಈಯುವ ಹೊತ್ತಿಗೆ ಮೈಯ ಶಕ್ತಿಯೆಲ್ಲ ಮರಿಗೂ ಹಾಲಿಗೂ ಹೋಗಿ ರೋಗನಿರೋಧಕ ಶಕ್ತಿ ಸಡಿಲವಾಗುತ್ತದೆ, ಆಗ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಒಮ್ಮೆಲೇ ಏರುತ್ತದೆ. ಎಳೆ ಮರಿಗಳು ಹುಲ್ಲಿಗೆ ಬಾಯಿ ಹಾಕಲು ಶುರು ಮಾಡೋ ಕಾಲವೂ ಅದೇ.

ಸೊರಗಿದ ಆ ಎರಡು ಕುರಿಗಳ ಸಂಗತಿಗೆ ಬಂದರೆ, ಎಲ್ಲಕ್ಕೂ ಒಂದೇ ದಿನ ಜಂತಿನ ಔಷಧಿ ಕುಡಿಸಿಬಿಡಿ ಅನ್ನೋದು ಹಳೇ ರೂಢಿ. ಥಯಾಬೆಂಡಜೋಲ್ 1961ರಲ್ಲಿ ಬಂತು, ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ಹುಳಗಳು ಸಿಕ್ಕವು. ಆಮೇಲೆ ಬಂದ ಐವರ್ಮೆಕ್ಟಿನ್‌ಗೂ ಅದೇ ಗತಿ. ಎಲ್ಲಕ್ಕೂ ಔಷಧಿ ಹಾಕಿದರೆ ಉಳಿಯೋದು ಔಷಧಿಗೆ ಬಗ್ಗದ ಹುಳ ಮಾತ್ರ, ಮುಂದಿನ ಕುರಿಗೆ ದಾಟೋದೂ ಅದೇ. ಗಟ್ಟಿಮುಟ್ಟಾದ ಎಂಟು ಕುರಿಗಳನ್ನು ಹಾಗೇ ಬಿಟ್ಟರೆ ಅವುಗಳ ಹಿಕ್ಕೆಯಿಂದ ಔಷಧಿಗೆ ಸಾಯುವಂಥ ಹುಳಗಳೂ ಹುಲ್ಲಿನಲ್ಲಿ ಬೆರೆತುಕೊಳ್ಳುತ್ತವೆ, ನಮಗೆ ಬೇಕಾದದ್ದೂ ಅದೇ. ಹಾಗಾಗಿ ಕೆಳರೆಪ್ಪೆ ಎಳೆದು ಒಳಪೊರೆಯ ಬಣ್ಣ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಕಾರ್ಡಿನಲ್ಲಿ ಕಡುಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣಗಳಿವೆ, ಬಿಳುಚಿದ್ದಕ್ಕೆ ಮಾತ್ರ ಔಷಧಿ. ಇದು ರಕ್ತ ಹೀರುವ ಹುಳಕ್ಕಷ್ಟೇ ಆಗುತ್ತೆ. ಭೇದಿ ಮಾಡಿಸುವ ಬೇರೆ ಹುಳಗಳಿಗೆ ಹಿಕ್ಕೆ ಪರೀಕ್ಷೆಯೇ ಬೇಕು. ಔಷಧಿ ಹಾಕುವ ದಿನ ಒಮ್ಮೆ, 10ರಿಂದ 14 ದಿನ ಬಿಟ್ಟು ಇನ್ನೊಮ್ಮೆ ಮೊಟ್ಟೆ ಎಣಿಸಿ. ಶೇ. 95ರಷ್ಟಾದರೂ ಇಳಿದಿಲ್ಲ ಅಂದರೆ, ಡೋಸ್ ಸರಿಯಾಗಿತ್ತಾ ಅಂತ ಮೊದಲು ನೋಡಿಕೊಂಡು, ಔಷಧಿ ಬದಲಿಸುವ ಮಾತು ಆಮೇಲೆ ಆಡೋಣ.